ಬ್ರಿಟೊಮಾರ್ಟಿಸ್: ಬಲೆಗೆ ಬಿದ್ದವಳಾ, ಬಲೆ ಹೆಣೆದವಳಾ?

ಕಾಡುಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಬ್ಬಳು ಸಣ್ಣ ದೇವತೆ ನನ್ನ ತಲೆಯಲ್ಲಿ ಕೂತುಬಿಟ್ಟಿದ್ದಾಳೆ. ಇಲ್ಲಿ ಇಳಿಸದೆ ಬೇರೆ ದಾರಿ ಇಲ್ಲ. ಹೆಸರು ಬ್ರಿಟೊಮಾರ್ಟಿಸ್. ಗ್ರೀಸಿನ ಕ್ರೀಟ್ ದ್ವೀಪದವಳು, ಬೇಟೆಯ ದೇವತೆ. ಬೇಟೆ ಅಂದ್ರೆ ಆರ್ಟೆಮಿಸ್ ಅಲ್ವಾ ಅಂತೀರಿ. ಹೌದು. ಅದಕ್ಕೇ ಪುಸ್ತಕಗಳೆಲ್ಲ ಇವಳನ್ನು ಆರ್ಟೆಮಿಸ್ ಜೊತೆ ಕಾಡು ಸುತ್ತುತ್ತಿದ್ದ ನಿಂಫ್, ಅಂದರೆ ಕಾಡು, ಹೊಳೆ, ಬೆಟ್ಟಗಳಲ್ಲಿ ಇರುವ ಕನ್ಯೆ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಕಥೆ ಇಷ್ಟು. ಅಪ್ಪ ದೇವರುಗಳ ರಾಜ ಜೀಯಸ್, ಅಮ್ಮ ಕಾರ್ಮೆ. ಹುಡುಗಿಗೆ ಓಟ, ಬಿಲ್ಲು, ಜಿಂಕೆ ಬೇಟೆ ಇಷ್ಟಿದ್ದರೆ ಸಾಕು. ಕ್ರೀಟಿನ ರಾಜ ಮಿನೋಸ್ ಇವಳನ್ನು ನೋಡಿ ಮರುಳಾದ. ಇವಳಿಗೆ ಅವನು ಬೇಡ. ಅವನು ಬೆನ್ನು ಹತ್ತಿದ. ಒಂದು ದಿನ ಎರಡು ದಿನ ಅಲ್ಲ, ಒಂಬತ್ತು ತಿಂಗಳು! ಇವಳು ಬೆಟ್ಟ ಹತ್ತಿ ಇಳಿದು, ಒಮ್ಮೆ ಓಕ್ ಮರಗಳ ಕೆಳಗೆ, ಒಮ್ಮೆ ಜೌಗಿನಲ್ಲಿ ಅಡಗಿ ತಪ್ಪಿಸಿಕೊಂಡಳು. ಕೊನೆಗೆ ಇನ್ನೇನು ಅವನ ಕೈಗೆ ಸಿಕ್ಕಳು ಅನ್ನುವಾಗ ಬಂಡೆಯ ತುದಿಯಿಂದ ಸಮುದ್ರಕ್ಕೆ ಹಾರಿದಳು. ಕೆಳಗೆ ಮೀನುಗಾರರ ಬಲೆ ಇತ್ತು. ಅದರಲ್ಲಿ ಬಿದ್ದು ಬದುಕಿಕೊಂಡಳು. ಗ್ರೀಕಿನಲ್ಲಿ ಬಲೆಗೆ 'ದಿಕ್ತಿಯೋನ್' ಎನ್ನುತ್ತಾರೆ. ಹಾಗಾಗಿ ಅವಳಿಗೆ 'ದಿಕ್ತಿನ್ನಾ' ಎಂಬ ಹೆಸರು ಬಂತಂತೆ. ಬಲೆಯಮ್ಮ ಅಂತ ಇಟ್ಟುಕೊಳ್ಳಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕವಿ ಕ್ಯಾಲಿಮಾಕಸ್ ಆರ್ಟೆಮಿಸ್ ಮೇಲೆ ಬರೆದ ಸ್ತೋತ್ರದಲ್ಲಿ ಈ ಕಥೆ ಇದೆ.

ನನ್ನ ತಕರಾರು ಏನೆಂದರೆ, ಬೇಟೆಯ ದೇವತೆಯ ಕಥೆಯಲ್ಲಿ ಅವಳು ಬೇಟೆಯಾಡುವುದೇ ಇಲ್ಲ. ಅವಳೇ ಬೇಟೆ. ಇದು ಹೇಗೆ?

ಅಡ್ಡಪ್ರಶ್ನೆ:

ಇದರಲ್ಲಿ ಆಶ್ಚರ್ಯ ಏನಿದೆ? ಡ್ಯಾಫ್ನಿ ಎಂಬ ಕನ್ಯೆ ಅಪೊಲೊ ದೇವರಿಂದ ಓಡಿ ಮರವಾದಳು. ಸಿರಿಂಕ್ಸ್ ಪಾನ್ ದೇವರಿಂದ ಓಡಿ ಜೊಂಡಾದಳು. ಅರೆಥೂಸಾ ಓಡಿ ಓಡಿ ನೀರಾದಳು. ಗ್ರೀಕರ ಹತ್ತಿರ ಈ ಕಥೆಗೆ ಒಂದು ಅಚ್ಚು ಇತ್ತು. ಹೆಸರು ಬದಲಾಯಿಸಿ ಹಿಟ್ಟು ಒತ್ತುತ್ತಿದ್ದರು ಅಷ್ಟೇ.

ಸುಮ್ನೆ ಓದ್ತೀನಿ:

ಒಂಬತ್ತು ತಿಂಗಳು ಅಟ್ಟಿಸಿಕೊಂಡು ಹೋದನಾ? ಅಷ್ಟು ದಿನ ರಾಜ್ಯ ಯಾರು ನೋಡ್ಕೊಳ್ತಿದ್ರು?

ಕಾಡುಮಲ್ಲಿಗೆ:

@ಅಡ್ಡಪ್ರಶ್ನೆ ಅಚ್ಚು ಒಂದೇ ಇರಬಹುದು, ಒಪ್ಪಿದೆ. ಆದರೆ ಡ್ಯಾಫ್ನಿ ಮರವಾಗಿ ಮುಗಿದುಹೋದಳು. ಅವಳ ಎಲೆ ಅಪೊಲೊನ ತಲೆ ಮೇಲೆ ಹೋಯಿತು. ಸಿರಿಂಕ್ಸ್ ಪಾನ್‌ನ ಕೈಯಲ್ಲಿ ಕೊಳಲಾದಳು. ಓಡಿದ್ದೂ ದಂಡ, ಕೊನೆಗೆ ಅವನ ವಸ್ತುವೇ ಆದಳು. ಬ್ರಿಟೊಮಾರ್ಟಿಸ್ ಏನೂ ಆಗಲಿಲ್ಲ. ಬಲೆಯಿಂದ ಎದ್ದು ಬಂದಳು, ದೇವತೆಯಾದಳು, ಬಲಿಪೀಠ ಕಟ್ಟಿಸಿಕೊಂಡಳು. ಮಿನೋಸ್ ಕೈಗೆ ಏನೂ ಸಿಗಲಿಲ್ಲ. ನನಗೆ ಅವಳು ಇಷ್ಟವಾಗಿದ್ದು ಇಲ್ಲೇ.

ಕಡಲಮಗ:

ನಮ್ಮದು ಕರಾವಳಿ, ಮನೆ ತುಂಬ ಮೀನುಗಾರರು. ಪುರಾಣ ನನಗೆ ಅಷ್ಟಕ್ಕಷ್ಟೆ, ಬಲೆ ಗೊತ್ತು. ಹಾಗಾಗಿ ಒಂದು ಮಾತು. ಬಂಡೆಯಿಂದ ಬಲೆಗೆ ಹಾರಿ ಬದುಕಿದಳು ಅಂದ್ರೆ ನೀವೆಲ್ಲ ಸರ್ಕಸ್ಸಿನ ಬಲೆ ನೆನಪು ಮಾಡಿಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ. ನೀರಿನಲ್ಲಿರುವ ಬಲೆ ಯಾರನ್ನೂ ಹಿಡಿದು ನಿಲ್ಲಿಸುವುದಿಲ್ಲ, ಸುತ್ತಿಕೊಳ್ಳುತ್ತದೆ. ಕಾಲಿಗೆ ಬಲೆ ಸುತ್ತಿದರೆ ಒಳ್ಳೆ ಈಜುಗಾರನೂ ಮುಳುಗುತ್ತಾನೆ, ಅದು ನಮ್ಮಲ್ಲಿ ಮಕ್ಕಳಿಗೆ ಮೊದಲು ಹೇಳುವ ಮಾತು. ಬದುಕಬೇಕಾದರೆ ಬಲೆಯನ್ನು ಆಗಲೇ ಎಳೆಯುತ್ತಿರಬೇಕು. ನಮ್ಮ ಕೈರಂಪಣಿ ಥರ, ದಡದಲ್ಲಿ ನಿಂತು ಹತ್ತಾರು ಜನ ಎರಡು ಕಡೆಯಿಂದ ಎಳೆಯುವ ಬಲೆ ಆಗಿದ್ದರೆ ಮೀನಿನ ಜೊತೆ ಅವಳೂ ದಡಕ್ಕೆ ಬರುತ್ತಿದ್ದಳು. ಆ ಮೀನುಗಾರರು ಆವತ್ತು ಮೀನು ಬಿಟ್ಟು ಅವಳನ್ನು ನೋಡುತ್ತಾ ನಿಂತಿರಬೇಕು, ಪಾಪ.

ನಿವೃತ್ತ ಮೇಷ್ಟ್ರು:

ಕಡಲಮಗ ಅವರೇ, ನಿಮಗೆ ಬಂದ ಅನುಮಾನ ಎರಡು ಸಾವಿರ ವರ್ಷದ ಹಿಂದೆಯೇ ಒಬ್ಬರಿಗೆ ಬಂದಿತ್ತು. ಕಾರಣ ಮಾತ್ರ ಬೇರೆ. ಕ್ರಿ.ಪೂ. 1ನೇ ಶತಮಾನದ ಡಯೊಡೋರಸ್, ಸಿಸಿಲಿಯವನು, ಇತಿಹಾಸಕಾರ. ಅವನು ತನ್ನ ಐದನೇ ಸಂಪುಟದಲ್ಲಿ ಕ್ರೀಟಿನ ದೇವರುಗಳ ಬಗ್ಗೆ ಬರೆಯುತ್ತಾ ಹೀಗೆ ಹೇಳುತ್ತಾನೆ. ಬ್ರಿಟೊಮಾರ್ಟಿಸ್ ಹುಟ್ಟಿದ್ದು ಕ್ರೀಟಿನ ಕೈನೊ ಎಂಬಲ್ಲಿ. ಬೇಟೆಗೆ ಬಳಸುವ ಬಲೆಯನ್ನು ಕಂಡುಹಿಡಿದವಳು ಅವಳೇ. ಅದಕ್ಕೇ ದಿಕ್ತಿನ್ನಾ ಎಂಬ ಹೆಸರು. ಮಿನೋಸ್ ಅಟ್ಟಿಸಿಕೊಂಡು ಬಂದ, ಅವಳು ಮೀನಿನ ಬಲೆಗೆ ಹಾರಿದಳು ಎಂದು ಹೇಳುವವರು ತಪ್ಪಿದ್ದಾರೆ.

ತಪ್ಪು ಯಾಕೆ? ಎರಡು ಕಾರಣ ಕೊಡುತ್ತಾನೆ. ಒಂದು, ಅವಳು ಎಲ್ಲರಿಗಿಂತ ದೊಡ್ಡ ದೇವರ ಮಗಳು, ಅಂಥವಳು ಮನುಷ್ಯರ ಸಹಾಯ ಬೇಕಾಗುವಷ್ಟು ದಿಕ್ಕೆಟ್ಟ ಸ್ಥಿತಿಗೆ ಬರುವುದು ನಂಬುವಂಥದ್ದಲ್ಲ. ಎರಡು, ಮಿನೋಸ್ ನ್ಯಾಯವಂತ ಎಂದು ಎಲ್ಲರೂ ಒಪ್ಪಿದ್ದಾರೆ, ಅಂಥವನ ಮೇಲೆ ಇಂಥ ಪಾಪದ ಕೆಲಸ ಹೊರಿಸುವುದು ಸರಿಯಲ್ಲ.

ಅಂದರೆ ಕಾಡುಮಲ್ಲಿಗೆ ಅವರ ಪ್ರಶ್ನೆಗೆ ಹಳೆಯ ಕಾಲದಲ್ಲೇ ಎರಡು ಪಕ್ಷ ಇದ್ದವು. ಬಲೆಗೆ ಬಿದ್ದವಳು ಅನ್ನುವವರು, ಬಲೆ ಹೆಣೆದವಳು ಅನ್ನುವವರು.

ಕಾಡುಮಲ್ಲಿಗೆ:

ಮೇಷ್ಟ್ರೇ, ಇದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೊದಲನೇ ಕಾರಣ ಓದಿ ಖುಷಿಯಾಯಿತು. ಎರಡನೇ ಕಾರಣ ಓದಿ ಮೈ ಉರಿಯಿತು. "ಅವರು ದೊಡ್ಡ ಮನುಷ್ಯರಮ್ಮ, ಹಾಗೆಲ್ಲ ಮಾಡುವವರಲ್ಲ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹುಡುಗಿಯ ಮರ್ಯಾದೆ ಉಳಿಸುವ ನೆಪದಲ್ಲಿ ಡಯೊಡೋರಸ್ ರಾಜನ ಮರ್ಯಾದೆ ಉಳಿಸುತ್ತಿದ್ದಾನೆ.

ಅಡ್ಡಪ್ರಶ್ನೆ:

ತಡೀರಿ ತಡೀರಿ. ಎರಡನೇ ಕಾರಣ ಕೆಟ್ಟದ್ದು ಎಂದ ಮಾತ್ರಕ್ಕೆ ತೀರ್ಮಾನ ತಪ್ಪಾಗಬೇಕಾಗಿಲ್ಲ. ಬೇಟೆ ಬಲೆ ಅನ್ನುವುದು ಸುಮ್ನೆ ಕಟ್ಟಿದ ಮಾತಲ್ಲ. ಆಗಿನ ಗ್ರೀಕರಿಗೆ ಬೇಟೆ ಅಂದರೆ ಬಿಲ್ಲು ಬಾಣಕ್ಕಿಂತ ಜಾಸ್ತಿ ನಾಯಿ ಮತ್ತು ಬಲೆ. ಕ್ಸೆನೊಫೋನ್ ಎಂಬಾತ ಬೇಟೆಯ ಬಗ್ಗೆಯೇ ಒಂದು ಕೈಪಿಡಿ ಬರೆದಿದ್ದಾನೆ, ಕ್ರಿ.ಪೂ. 4ನೇ ಶತಮಾನ. ಮೊಲದ ಬೇಟೆ ಹೇಗೆ ಅಂತ ಕೂತು ವಿವರಿಸುತ್ತಾನೆ. ಮೂರು ಥರ ಬಲೆ. ಒಂದು ಚೀಲದಂಥ ಬಲೆ, ಅದಕ್ಕೆ ಒಂಬತ್ತು ಎಳೆಯ ಹುರಿ. ಇನ್ನೊಂದು ದಾರಿಗೆ ಅಡ್ಡ ಕಟ್ಟುವ ಬಲೆ, ಹನ್ನೆರಡು ಎಳೆ. ಮೂರನೆಯದು ಉದ್ದನೆಯ ಬಲೆ, ಹದಿನಾರು ಎಳೆ, ಉದ್ದ 10, 20, 30 ಮಾರು. ಆ ಮೂರನೆಯ ಬಲೆಯ ಹೆಸರೇ ದಿಕ್ತಿಯೋನ್! ನಾರು ಎಲ್ಲಿಯದು ಗೊತ್ತಾ, ಕಪ್ಪು ಸಮುದ್ರದ ಆಚೆಯ ಫಾಸಿಸ್‌ನದು, ಇಲ್ಲವೇ ಕಾರ್ಥೇಜಿನ ಅಗಸೆ ನಾರು. ನಾಯಿಗಳು ಮೊಲವನ್ನು ಎಬ್ಬಿಸಿ ಓಡಿಸುತ್ತವೆ, ಮೊಲ ಬಂದು ಬಲೆಗೆ ಬೀಳುತ್ತದೆ, ಬಲೆ ಕಾಯುವವನು ಕೂಗುತ್ತಾನೆ.

ಈಗ ನೋಡಿ. ಬೆಟ್ಟದಲ್ಲಿ ಬೇಟೆಯಾಡುವವರಿಗೆ ಬಲೆಯ ದೇವತೆ ಎಂದರೆ ಮೊದಲು ನೆನಪಾಗುವುದು ಈ ಬಲೆ. ಕವಿ ಅದನ್ನು ಮೀನಿನ ಬಲೆ ಮಾಡಿದ, ಯಾಕೆಂದರೆ ಕಥೆಗೆ ಸಮುದ್ರ ಬೇಕಿತ್ತು.

ಕಾಡುಮಲ್ಲಿಗೆ:

ಅಯ್ಯೋ! ಹಾಗಾದ್ರೆ ಕ್ಯಾಲಿಮಾಕಸ್ ಕಥೆಯನ್ನು ಮತ್ತೆ ಓದಿ. ಒಬ್ಬ ಹಿಂದಿನಿಂದ ಅಟ್ಟುತ್ತಾನೆ, ಅವಳು ಪೊದೆ, ಜೌಗು ಅಂತ ಅಡಗುತ್ತಾಳೆ, ಓಡಿ ಓಡಿ ಕೊನೆಗೆ ಬಲೆಗೆ ಬೀಳುತ್ತಾಳೆ. ಇದು ಮೊಲದ ಬೇಟೆಯೇ ಅಲ್ವಾ? ಬಲೆ ಹಾಕಿ ಪ್ರಾಣಿ ಹಿಡಿಯುತ್ತಿದ್ದವಳನ್ನು ಪ್ರಾಣಿಯ ಜಾಗದಲ್ಲಿ ಇಟ್ಟಿದ್ದಾನೆ. ಬಲೆ ಮಾತ್ರ ಉಲ್ಟಾ ಕೆಲಸ ಮಾಡಿತು. ಮೊಲಕ್ಕೆ ಬಲೆ ಅಂದರೆ ಸಾವು, ಇವಳಿಗೆ ಬಲೆ ಅಂದರೆ ಬಿಡುಗಡೆ.

ಅಡ್ಡಪ್ರಶ್ನೆ:

ಇದು ಚೆನ್ನಾಗಿದೆ. ನಾನು ಹೀಗೆ ಯೋಚಿಸಿರಲಿಲ್ಲ. ಆದರೂ ಕವಿ ಬೇಕಂತಲೇ ಹೀಗೆ ಮಾಡಿದ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ನಿವೃತ್ತ ಮೇಷ್ಟ್ರು:

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಬಲೆಯೇ ಕಾರಣ ಅಲ್ಲದೆ ಇರಬಹುದು. ಕ್ರೀಟಿನಲ್ಲಿ ದಿಕ್ತೆ ಎಂಬ ಬೆಟ್ಟ ಇದೆ. ಆ ಹೆಸರು ಬಹಳ ಹಳೆಯದು. ಕ್ನೋಸಸ್ ಅರಮನೆಯಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ, ಲೀನಿಯರ್ ಬಿ ಲಿಪಿಯಲ್ಲಿ, ದಿಕ್ತೆಯ ಜೀಯಸ್‌ನ ಉಲ್ಲೇಖ ಇದೆ. ಕ್ಯಾಲಿಮಾಕಸ್‌ಗಿಂತ ಸಾವಿರ ವರ್ಷ ಹಿಂದಿನ ಮಾತು. ದಿಕ್ತಿನ್ನಾ ಎಂದರೆ ದಿಕ್ತೆ ಬೆಟ್ಟದವಳು ಎಂದು ಹೇಳುವ ವಿದ್ವಾಂಸರು ತುಂಬ ಜನ ಇದ್ದಾರೆ. ಬೆಟ್ಟದ ಹೆಸರು ಮರೆತ ಮೇಲೆ ಕಿವಿಗೆ ಬಲೆ ಕೇಳಿಸಿತು, ಬಲೆಗೆ ಒಂದು ಕಥೆ ಹುಟ್ಟಿತು. ಸ್ಥಳಪುರಾಣ ಹುಟ್ಟುವುದೇ ಹೀಗೆ ಅಲ್ಲವೇ. ಬೆಂದ ಕಾಳಿನಿಂದ ಬೆಂಗಳೂರು ಎಂದು ವೀರಬಲ್ಲಾಳನ ಕಥೆ ಹೇಳುತ್ತೇವೆ, ಅವನಿಗಿಂತ ಮುನ್ನೂರು ವರ್ಷ ಹಿಂದಿನ ಬೇಗೂರಿನ ಶಾಸನದಲ್ಲೇ ಬೆಂಗಳೂರು ಎಂದು ಕೆತ್ತಿದೆ.

ಆದರೆ ಬೆಟ್ಟದ ವಾದಕ್ಕೂ ಒಂದು ತೊಡಕಿದೆ. ಭೂಗೋಳ ಬರೆದ ಸ್ಟ್ರಾಬೊ ಇದನ್ನು ಹಿಡಿದುಕೊಂಡು ಕ್ಯಾಲಿಮಾಕಸ್‌ನ ಕಿವಿ ಹಿಂಡಿದ್ದಾನೆ. ಕವಿ ಹೇಳುವಂತೆ ಅವಳು ದಿಕ್ತೆ ಬೆಟ್ಟದಿಂದ ಹಾರಿದಳು, ಕಿಡೋನಿಯಾದ ಜನ ಅವಳಿಗೆ ಹೆಸರಿಟ್ಟರು. ಕಿಡೋನಿಯಾ ಎಂದರೆ ಈಗಿನ ಖನ್ಯಾ ಪಟ್ಟಣ, ದ್ವೀಪದ ಪಶ್ಚಿಮದ ತುದಿಯಲ್ಲಿದೆ. ದಿಕ್ತೆ ಇರುವುದು ಪೂರ್ವದಲ್ಲಿ. ಕಿಡೋನಿಯಾದ ಕಡೆ ಇರುವ ಬೆಟ್ಟ ತಿತಿರೋಸ್, ಅಲ್ಲಿರುವ ದೇವಸ್ಥಾನ ದಿಕ್ತಿನ್ನಾಳದು ಎನ್ನುತ್ತಾನೆ ಸ್ಟ್ರಾಬೊ. ಹೆಸರು ಪೂರ್ವದಲ್ಲಿ, ಪೂಜೆ ಪಶ್ಚಿಮದಲ್ಲಿ.

ಸುಮ್ನೆ ಓದ್ತೀನಿ:

ಒಂಬತ್ತು ತಿಂಗಳು ಓಡಿದ್ದಾಳಲ್ಲ ಮೇಷ್ಟ್ರೇ, ಪೂರ್ವದಿಂದ ಪಶ್ಚಿಮಕ್ಕೆ ಬಂದಿರಬಹುದು 😀

ನಿವೃತ್ತ ಮೇಷ್ಟ್ರು:

ಸ್ಟ್ರಾಬೊಗೆ ಈ ಉತ್ತರ ಹೊಳೆಯಲಿಲ್ಲ ನೋಡಿ.

ಕಾಡುಮಲ್ಲಿಗೆ:

ಒಂದು ಚಿಕ್ಕ ಮಾತು, ವಿಷಯದಿಂದ ಸ್ವಲ್ಪ ಆಚೆ. ಇವತ್ತಿನ ಗ್ರೀಕ್ ಭಾಷೆಯಲ್ಲಿ ಇಂಟರ್ನೆಟ್ಟಿಗೆ 'ದಿಯಾದಿಕ್ತಿಯೋ' ಅನ್ನುತ್ತಾರೆ. ಅದೇ ಬಲೆ. ನಾವೂ ಅಂತರ್ಜಾಲ ಅನ್ನುತ್ತೇವೆ. ಬಲೆಯಮ್ಮನ ಬಗ್ಗೆ ನಾವು ಮಾತಾಡುತ್ತಿರುವುದೂ ಬಲೆಯೊಳಗೇ.

ಮ್ಯೂನಿಕ್ ಕನ್ನಡಿಗ:

ತಡವಾಗಿ ಬಂದೆ. ಯಾರೂ ಅಫಾಯಾ ಹೆಸರು ಎತ್ತಿಲ್ಲವಲ್ಲ! ಇದೇ ಬ್ರಿಟೊಮಾರ್ಟಿಸ್‌ಗೆ ಅಥೆನ್ಸ್ ಹತ್ತಿರದ ಏಗಿನಾ ದ್ವೀಪದಲ್ಲಿ ಅಫಾಯಾ ಅಂತ ಹೆಸರು. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪಾಸನಿಯಾಸ್ ನೇರವಾಗಿ ಹಾಗೇ ಬರೆದಿದ್ದಾನೆ, ಏಗಿನಾದಲ್ಲಿ ಅಫಾಯಾ, ಕ್ರೀಟಿನಲ್ಲಿ ದಿಕ್ತಿನ್ನಾ ಎಂದು. ಅವಳ ದೇವಸ್ಥಾನ ಇವತ್ತಿಗೂ ಆ ದ್ವೀಪದ ಗುಡ್ಡದ ಮೇಲೆ ಪೈನ್ ಮರಗಳ ಮಧ್ಯೆ ನಿಂತಿದೆ. ಕ್ರಿ.ಪೂ. 500ರ ಆಸುಪಾಸಿನದು, ಸುಣ್ಣಕಲ್ಲಿನದು, ಮುಂದೆ ಆರು ಕಂಬ, ಪಕ್ಕದಲ್ಲಿ ಹನ್ನೆರಡು.

ನಾನು ಅಲ್ಲಿಗೆ ಹೋಗಿಲ್ಲ. ಆದರೆ ಅದರ ಶಿಲ್ಪಗಳನ್ನು ಪ್ರತಿ ವರ್ಷ ಎರಡು ಮೂರು ಸಲ ನೋಡುತ್ತೇನೆ, ಯಾಕೆಂದರೆ ಅವು ಇರುವುದು ನಮ್ಮೂರಿನಲ್ಲಿ. 1811ರಲ್ಲಿ ಕಾಕರೆಲ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ, ಹಾಲರ್ ಎಂಬ ಜರ್ಮನ್, ಇನ್ನಿಬ್ಬರು ಮೂವರು ಸೇರಿ ಅಗೆದರು. ಶಿಲ್ಪಗಳು ಸಿಕ್ಕವು, ಹೊತ್ತುಕೊಂಡು ಹೋದರು, 1812ರಲ್ಲಿ ಹರಾಜಾಯಿತು, ಬವೇರಿಯಾದ ಯುವರಾಜ ಲೂಡ್ವಿಗ್ ಕೊಂಡ. ಅವುಗಳನ್ನು ಇಡಲೆಂದೇ ಗ್ಲಿಪ್ಟೊಥೆಕ್ ಎಂಬ ಮ್ಯೂಸಿಯಂನಲ್ಲಿ ಜಾಗ ಮಾಡಿಸಿದ, 1830ರಲ್ಲಿ ತೆರೆಯಿತು. ಥೋರ್‌ವಾಲ್ಡ್‌ಸೆನ್ ಎಂಬ ಶಿಲ್ಪಿ ಮುರಿದ ಕೈಕಾಲು ಮೂಗುಗಳಿಗೆಲ್ಲ ಹೊಸದು ಜೋಡಿಸಿದ್ದ. ಅವನ್ನು 1960ರ ದಶಕದಲ್ಲಿ ತೆಗೆದುಹಾಕಿದರು. ಹಾಗಾಗಿ ಈಗ ಹೋದರೆ ಕಾಣುವುದು ಕೈ ಇಲ್ಲದ ಯೋಧರು, ಅವರ ಮಧ್ಯೆ ಒಂದು ಥರದ ತೆಳುನಗೆ ಇಟ್ಟುಕೊಂಡು ಸಾಯುತ್ತಿರುವ ಒಬ್ಬ.

ನನ್ನ ಪಾಯಿಂಟ್ ಇದು. ದೇವಸ್ಥಾನದ ಮುಂದೆ ಮತ್ತು ಹಿಂದೆ, ಮಾಡಿನ ಕೆಳಗಿನ ಎರಡೂ ತ್ರಿಕೋನದಲ್ಲಿ ಟ್ರಾಯ್ ಯುದ್ಧದ ಶಿಲ್ಪ. ಎರಡರ ನಡುವೆಯೂ ನಿಂತಿರುವುದು ಅಥೇನಾ. ಅಫಾಯಾ ಎಲ್ಲೂ ಇಲ್ಲ. ಅವಳ ಮನೆ, ಬಾಗಿಲಿನಲ್ಲಿ ಬೇರೆಯವರ ಚಿತ್ರ. ಅಗೆದವರು ಇದನ್ನು ಮೊದಲು ಜೀಯಸ್ ದೇವಸ್ಥಾನ ಅಂದುಕೊಂಡರು, ಆಮೇಲೆ ಅಥೇನಾಳದು ಅಂದರು. 1901ರಲ್ಲಿ ಫುರ್ಟ್‌ವೆಂಗ್ಲರ್ ಎಂಬ ಜರ್ಮನ್ ಪುರಾತತ್ವಜ್ಞ ಮತ್ತೆ ಅಗೆದಾಗ ಒಂದು ಶಾಸನ ಸಿಕ್ಕಿತು. ಅಫಾಯಾಗೆ ಮನೆ ಕಟ್ಟಲಾಯಿತು, ಬಲಿಪೀಠವನ್ನೂ ಮಾಡಲಾಯಿತು ಎಂದು ಅದರಲ್ಲಿತ್ತು. ದೇವಸ್ಥಾನ ಅಂತಲ್ಲ, 'ಮನೆ' ಅಂತಲೇ ಕೆತ್ತಿದ್ದರು. ಆಮೇಲೆ ತಾನೇ ಯಾರ ಮನೆ ಅಂತ ಗೊತ್ತಾಗಿದ್ದು.

ಕಾಡುಮಲ್ಲಿಗೆ:

ಹೆಸರಿನ ಅರ್ಥವೇ 'ಕಾಣದವಳು' ಎಂದು ಹಳಬರು ಹೇಳುತ್ತಿದ್ದರಂತೆ. ಕಾಣದೆ ಹೋದವಳ ಹೆಸರು ತೊಂಬತ್ತು ವರ್ಷ ಪುರಾತತ್ವದವರಿಗೂ ಕಾಣಲಿಲ್ಲ!

ಕಡಲಮಗ:

ಕ್ರೀಟಿನಿಂದ ಏಗಿನಾಗೆ ಹೇಗೆ ಬಂದಳು? ದೋಣಿಯಲ್ಲಾ?

ಕಾಡುಮಲ್ಲಿಗೆ:

ಹೌದು ಅಣ್ಣಾ, ಮೀನಿನ ದೋಣಿಯಲ್ಲಿ. ಇದು ನಿಮಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಅಂಟೋನಿನಸ್ ಲಿಬರಾಲಿಸ್ ಎಂಬಾತನ ಸಂಗ್ರಹದಲ್ಲಿ ಇರುವ ಕಥೆ. ಅದರಲ್ಲಿ ಅವಳು ಫಿನೀಷಿಯಾದಿಂದ ಹೊರಟು, ಆರ್ಗೋಸ್, ಕೆಫಲೋನಿಯಾ ಎಲ್ಲ ಸುತ್ತಿ ಕ್ರೀಟಿಗೆ ಬರುತ್ತಾಳೆ. ಮಿನೋಸ್ ಬೆನ್ನು ಹತ್ತುತ್ತಾನೆ. ಇಲ್ಲಿ ಅವಳು ಬಂಡೆಯಿಂದ ಹಾರುವುದಿಲ್ಲ, ಮೀನುಗಾರರ ಹತ್ತಿರ ಓಡುತ್ತಾಳೆ, ಅವರು ಬಲೆಯ ಕೆಳಗೆ ಅವಳನ್ನು ಬಚ್ಚಿಡುತ್ತಾರೆ. (ನೋಡಿ, ನಿಮ್ಮ ಮುಳುಗುವ ಸಮಸ್ಯೆ ಪರಿಹಾರವಾಯಿತು.) ಆಮೇಲೆ ಆಂಡ್ರೊಮಿಡೀಸ್ ಎಂಬ ಮೀನುಗಾರ ಅವಳನ್ನು ದೋಣಿಯಲ್ಲಿ ಏಗಿನಾಗೆ ಕರೆದುಕೊಂಡು ಹೋಗುತ್ತಾನೆ. ದಡ ಹತ್ತಿರ ಬಂದಾಗ ಅವನೂ ಮೇಲೆ ಬೀಳಲು ನೋಡುತ್ತಾನೆ. ಅವಳು ದೋಣಿಯಿಂದ ಇಳಿದು ಕಾಡಿಗೆ ಓಡಿ ಕಾಣೆಯಾಗುತ್ತಾಳೆ. ಕಾಣೆಯಾದಳು, ಅದಕ್ಕೆ ಅಫಾಯಾ.

ಕಡಲಮಗ:

ಛೇ. ಇಷ್ಟು ಹೊತ್ತು ನಮ್ಮವರು ಕಾಪಾಡಿದರು ಅಂತ ಹೆಮ್ಮೆ ಪಡುತ್ತಾ ಕೂತಿದ್ದೆ.

ಆದರೆ ಬಲೆಯ ಕೆಳಗೆ ಬಚ್ಚಿಡುವುದು ನಂಬುವಂಥ ಮಾತು. ದಡದಲ್ಲಿ ಒಣಗಲು ಗುಡ್ಡೆ ಹಾಕಿದ ಬಲೆ ಇರುತ್ತದಲ್ಲ, ಅದರಡಿ ಸಣ್ಣವರಿದ್ದಾಗ ನಾವೂ ಅಡಗಿದ್ದೇವೆ. ಆ ವಾಸನೆಗೆ ರಾಜ ಅಂತ ಅನ್ನಿಸಿಕೊಂಡವನು ಹತ್ತಿರ ಬರುವುದಿಲ್ಲ.

ಅಡ್ಡಪ್ರಶ್ನೆ:

ಇಲ್ಲಿ ನನ್ನ ಕೆಲಸ ಮಾಡಿಬಿಡುತ್ತೇನೆ. ಅಫಾಯಾ ಮತ್ತು ಬ್ರಿಟೊಮಾರ್ಟಿಸ್ ಒಬ್ಬಳೇ ಅನ್ನುವುದು ಮೂಲದಲ್ಲಿ ನಿಜ ಅಂತ ನಾನು ನಂಬುವುದಿಲ್ಲ. ಏಗಿನಾದ ಆ ಗುಡ್ಡದಲ್ಲಿ ಕಂಚಿನ ಯುಗದ ಮಣ್ಣಿನ ಗೊಂಬೆಗಳು ರಾಶಿಯಾಗಿ ಸಿಕ್ಕಿವೆ. ಮಗು ಎತ್ತಿಕೊಂಡ ತಾಯಿಯ ಗೊಂಬೆಗಳೂ ಅದರಲ್ಲಿವೆ. ಬೇಟೆ, ಬಿಲ್ಲು, ಕನ್ಯೆ ಅಂತ ಹೇಳುವ ದೇವತೆಗೆ ಮಗುವಿನ ಗೊಂಬೆ ಯಾಕೆ ಹರಕೆ ಕೊಡುತ್ತಾರೆ? ಅವಳು ಆ ಊರಿನ ಬೇರೆಯೇ ದೇವತೆ ಆಗಿದ್ದಿರಬೇಕು, ಆಮೇಲೆ ಯಾರೋ ಸೇರಿಸಿದ್ದಾರೆ.

ಯಾರು ಸೇರಿಸಿದರು ಅನ್ನುವುದಕ್ಕೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನಲ್ಲಿ ಒಂದು ಸುಳಿವು ಇದೆ. ಸಾಮೋಸ್ ದ್ವೀಪದಿಂದ ಹೊರಬಿದ್ದ ಕೆಲವರು ಕ್ರೀಟಿಗೆ ಬಂದು ಕಿಡೋನಿಯಾದಲ್ಲಿ ನೆಲೆ ನಿಂತರು. ಅಲ್ಲಿನ ದಿಕ್ತಿನ್ನಾ ದೇವಸ್ಥಾನವನ್ನೂ ಅವರೇ ಕಟ್ಟಿದರು ಎನ್ನುತ್ತಾನೆ. ಐದು ವರ್ಷ ಚೆನ್ನಾಗಿದ್ದರು. ಆರನೇ ವರ್ಷ ಏಗಿನಾದವರು ಬಂದು ಸಮುದ್ರದಲ್ಲಿ ಸೋಲಿಸಿ ಅವರನ್ನು ಗುಲಾಮರನ್ನಾಗಿ ಮಾಡಿದರು. ಇದು ಕ್ರಿ.ಪೂ. 520ರ ಸುಮಾರಿಗೆ. ಅಂದರೆ ದಿಕ್ತಿನ್ನಾಳ ಊರಿಗೆ ಏಗಿನಾದವರು ಹೋಗಿದ್ದು ಇತಿಹಾಸದಲ್ಲಿ ನಡೆದದ್ದು. ಹೋಗಿ ಬರುವವರು ಹೇಳಿರುತ್ತಾರೆ, ನಿಮ್ಮ ದೇವಿಯೂ ನಮ್ಮ ದೇವಿಯೂ ಒಬ್ಬಳೇ ಕಣ್ರೀ ಅಂತ. ದೋಣಿಯಲ್ಲಿ ಬಂದದ್ದು ಹುಡುಗಿಯಲ್ಲ, ಅವಳ ಕಥೆ. ಇದು ನನ್ನ ಊಹೆ.

ಮ್ಯೂನಿಕ್ ಕನ್ನಡಿಗ:

ಈಗಿನ ದೇವಸ್ಥಾನ ಕಟ್ಟಿದ್ದೂ ಅದಾದ ಒಂದೆರಡು ದಶಕದಲ್ಲೇ. ಕಾಲ ಸರಿಹೊಂದುತ್ತದೆ, ಊಹೆ ಕೆಟ್ಟದ್ದಲ್ಲ.

ಸುಮ್ನೆ ಓದ್ತೀನಿ:

ಬ್ರಿಟೊಮಾರ್ಟಿಸ್ ಅಂದ್ರೆ ಏನು? ದಿಕ್ತಿನ್ನಾ ಬಲೆ, ಅಫಾಯಾ ಕಾಣದವಳು. ಮೊದಲ ಹೆಸರಿಗೆ ಯಾರೂ ಅರ್ಥ ಹೇಳಲೇ ಇಲ್ಲ.

ನಿವೃತ್ತ ಮೇಷ್ಟ್ರು:

ಅದು ಗ್ರೀಕ್ ಪದವೇ ಅಲ್ಲ ಎಂದು ತೋರುತ್ತದೆ. ಕ್ರೀಟಿನವರ ಮಾತಿನಲ್ಲಿ 'ಸಿಹಿಯಾದ ಕನ್ಯೆ' ಎಂದರ್ಥ ಎಂದು ಸೋಲಿನಸ್ ಎಂಬ ಲ್ಯಾಟಿನ್ ಲೇಖಕ ಬರೆದಿದ್ದಾನೆ. ಹಳೆಯ ಗ್ರೀಕ್ ನಿಘಂಟೊಂದರಲ್ಲೂ 'ಬ್ರಿತು' ಎಂದರೆ ಸಿಹಿ ಎಂದಿದೆ. ಬಿಲ್ಲು ಹಿಡಿದು ಬೆಟ್ಟ ಸುತ್ತುವವಳಿಗೆ ಸಿಹಿ ಹುಡುಗಿ ಎಂಬ ಹೆಸರೇ ಎಂದು ಕೇಳಬಹುದು. ಭಯ ಹುಟ್ಟಿಸುವ ದೇವತೆಗೆ ಒಳ್ಳೆ ಹೆಸರಿಡುವುದು ಗ್ರೀಕರ ರೂಢಿ. ಸೇಡಿನ ದೇವತೆಗಳನ್ನು ಅವರು 'ಕರುಣೆಯುಳ್ಳವರು' ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಸಿಡುಬಿಗೆ ಅಮ್ಮ ಎನ್ನುತ್ತಿರಲಿಲ್ಲವೇ, ಹಾಗೆ.

ಭಯ ಯಾಕೆ ಎಂದರೆ ಕೇಳಿ. ಕ್ರೀಟಿನ ಅವಳ ದೇವಸ್ಥಾನವನ್ನು ನಾಯಿಗಳು ಕಾಯುತ್ತಿದ್ದವು. ಕರಡಿಯಷ್ಟು ಬಲದ ನಾಯಿಗಳು ಎಂದು ಅಲ್ಲಿಯವರು ಹೇಳಿಕೊಳ್ಳುತ್ತಿದ್ದರು. ಫಿಲೋಸ್ಟ್ರಾಟಸ್ ಬರೆದ ಅಪೊಲೋನಿಯಸ್ ಚರಿತ್ರೆಯಲ್ಲಿ ಇದು ಬರುತ್ತದೆ. ಅಪೊಲೋನಿಯಸ್ ಒಬ್ಬ ಸನ್ಯಾಸಿಯಂಥ ಮನುಷ್ಯ. ತಕ್ಷಶಿಲೆಗೂ ಬಂದಿದ್ದ ಎಂದು ಅದೇ ಪುಸ್ತಕ ಹೇಳುತ್ತದೆ. ಅವನು ಹೊತ್ತಲ್ಲದ ಹೊತ್ತಿನಲ್ಲಿ ದಿಕ್ತಿನ್ನಾಳ ಗುಡಿಗೆ ಬಂದ. ನಾಯಿಗಳು ಬೊಗಳಲಿಲ್ಲ, ಬಾಲ ಆಡಿಸಿಕೊಂಡು ಹತ್ತಿರ ಬಂದವು. ಕಾವಲಿನವರಿಗೆ ಅನುಮಾನ ಬಂತು. ಮಾಟಗಾರ, ಕಳ್ಳ, ನಾಯಿಗೆ ಏನೋ ಹಾಕಿದ್ದಾನೆ ಎಂದು ಕಟ್ಟಿಹಾಕಿದರು. ಅವನು ಕಟ್ಟು ಬಿಡಿಸಿಕೊಂಡ. ಅವರನ್ನೇ ಕರೆದು, ಎಲ್ಲರೂ ನೋಡುತ್ತಿರುವಂತೆ ಓಡಿದ. ಗುಡಿಯ ಬಾಗಿಲು ತಾನೇ ತೆರೆಯಿತು, ಅವನು ಒಳಗೆ ಹೋದ ಮೇಲೆ ತಾನೇ ಮುಚ್ಚಿತು. ಒಳಗಿನಿಂದ ಹುಡುಗಿಯರು ಹಾಡುವ ದನಿ ಕೇಳಿಸಿತು, ಭೂಮಿ ಬಿಟ್ಟು ಆಕಾಶಕ್ಕೆ ನಡೆ ಎಂದು. ಅವನು ಮತ್ತೆ ಹೊರಗೆ ಬರಲಿಲ್ಲ.

ಕಾಡುಮಲ್ಲಿಗೆ:

ಮೇಷ್ಟ್ರೇ, ರಾತ್ರಿ ಹನ್ನೊಂದಕ್ಕೆ ಇದನ್ನು ಓದಿದೆ. ಹೊರಗೆ ಬೀದಿನಾಯಿಗಳು ಸುಮ್ಮನಿವೆ. ಭಯವಾಗುತ್ತಿದೆ.

ನೋಡಿ, ಇವಳೂ ಅಫಾಯಾ ಥರವೇ ಮಾಡಿದಳು. ಒಳಗೆ ಬಂದವನನ್ನು ಕಾಣದಂತೆ ಮಾಡಿಬಿಟ್ಟಳು.

ಮ್ಯೂನಿಕ್ ಕನ್ನಡಿಗ:

ಆ ದೇವಸ್ಥಾನದ ಜಾಗಕ್ಕೆ ನಾನು ಹೋಗಿದ್ದೇನೆ! ಖನ್ಯಾ ಹತ್ತಿರ ರೊಡೊಪೊಸ್ ಅಂತ ಉದ್ದಕ್ಕೆ ಸಮುದ್ರದೊಳಗೆ ಚಾಚಿದ ನೆಲ, ಅದರ ತುದಿಯ ಹತ್ತಿರ ಮೆನಿಯೆಸ್ ಎಂಬ ಸಣ್ಣ ಕೊಲ್ಲಿ. ಬಾಡಿಗೆ ಕಾರಿನಲ್ಲಿ ಮಣ್ಣಿನ ರಸ್ತೆಯಲ್ಲಿ ಹೋಗಿ ಟೈರು ಹಾಳಾಗಿ ಹೆಂಡತಿಯಿಂದ ಬೈಸಿಕೊಂಡೆ, ನೀವು ಹೋದರೆ ದೋಣಿಯಲ್ಲಿ ಹೋಗಿ. ನೋಡಲು ಜಾಸ್ತಿ ಏನೂ ಉಳಿದಿಲ್ಲ, ಅಡಿಪಾಯ, ಒಂದಷ್ಟು ಕಲ್ಲು, ಆಡುಗಳು. ಆದರೆ ಒಂದು ಕಾಲದಲ್ಲಿ ಆ ಗುಡಿ ಎಷ್ಟು ಶ್ರೀಮಂತವಾಗಿತ್ತು ಅಂದರೆ, ರೋಮನ್ನರ ಕಾಲದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಹೊತ್ತಿಗೆ ದಿಕ್ತಿನ್ನಾಳ ಹುಂಡಿಯ ದುಡ್ಡಿನಿಂದ ಕ್ರೀಟಿನಲ್ಲಿ ರಸ್ತೆ ಮಾಡಿಸಿದ್ದಾರೆ. ಮೈಲ್‌ಗಲ್ಲಿನ ಮೇಲೆ ಹಾಗೆಂದು ಕೆತ್ತಿದೆ.

ಸುಮ್ನೆ ಓದ್ತೀನಿ:

ಅಷ್ಟೊಂದು ದುಡ್ಡಿದ್ದೂ ತನ್ನ ಗುಡಿಗೆ ಹೋಗುವ ರಸ್ತೆ ಮಾತ್ರ ಮಾಡಿಸಿಕೊಳ್ಳಲಿಲ್ಲ.

ಕಾಡುಮಲ್ಲಿಗೆ:

😂 ಆದರೆ ನನಗೆ ಬೇಕಾಗಿದ್ದು ಇದೇ ಮಾತು. ಸಣ್ಣ ದೇವತೆ, ಸಣ್ಣ ದೇವತೆ ಎಂದು ನಾನೂ ಮೊದಲ ಸಾಲಿನಲ್ಲೇ ಬರೆದೆ, ಈಗ ನಾಚಿಕೆಯಾಗುತ್ತಿದೆ. ಯಾರಿಗೆ ಸಣ್ಣವಳು? ಕ್ರೀಟಿನ ಡ್ರೆರೋಸ್ ಎಂಬ ಊರಿನಲ್ಲಿ ಕ್ರಿ.ಪೂ. 3ನೇ ಶತಮಾನದ ಕೊನೆಯ ಸುಮಾರಿನ ಒಂದು ಶಾಸನ ಸಿಕ್ಕಿದೆ. 180 ಜನ ಯುವಕರು ಊರಿಗೆ ನಿಷ್ಠರಾಗಿರುತ್ತೇವೆ, ಪಕ್ಕದ ಲಿಟ್ಟೋಸ್ ಊರಿನವರಿಗೆ ಎಂದೂ ಒಳ್ಳೆಯದು ಬಯಸುವುದಿಲ್ಲ ಎಂದು ಆಣೆ ಮಾಡಿದ್ದಾರೆ. ಯಾರ ಮೇಲೆ ಆಣೆ? ಜೀಯಸ್, ಅಪೊಲೊ, ಅಥೇನಾ, ಆರ್ಟೆಮಿಸ್, ಜೊತೆಗೆ ಬ್ರಿಟೊಮಾರ್ಟಿಸ್. ಆರ್ಟೆಮಿಸ್ ಹೆಸರು ಬೇರೆ, ಇವಳ ಹೆಸರು ಬೇರೆ. ಊರಿನವರಿಗೆ ಇವಳು ಆರ್ಟೆಮಿಸ್‌ಳ ಹಿಂದೆ ಓಡುವ ಗೆಳತಿ ಅಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಕೂತ ಕವಿಗೆ ಹಾಗೆ ಕಂಡಳು, ಯಾಕೆಂದರೆ ಅವನು ಬರೆಯುತ್ತಿದ್ದುದು ಆರ್ಟೆಮಿಸ್ ಸ್ತೋತ್ರ. ಮದುಮಗಳ ಹಾಡಿನಲ್ಲಿ ಉಳಿದವರೆಲ್ಲ ಗೆಳತಿಯರೇ ತಾನೆ.

ಅಡ್ಡಪ್ರಶ್ನೆ:

ಕೊನೆಯ ಸಾಲಿಗೆ ಸೋತೆ. ಆದರೆ ಕ್ಯಾಲಿಮಾಕಸ್‌ನನ್ನು ಪೂರ್ತಿ ಬೈಯಬೇಡಿ. ಅವನು ಒಂದು ಆಚಾರ ಬರೆದಿಟ್ಟಿದ್ದಾನೆ. ಅವಳ ಹಬ್ಬದ ದಿನ ತಲೆಗೆ ಪೈನ್ ಅಥವಾ ಮ್ಯಾಸ್ಟಿಕ್ ಗಿಡದ ಮಾಲೆ ಹಾಕಿಕೊಳ್ಳುತ್ತಾರೆ. ಮರ್ಟಲ್ ಗಿಡವನ್ನು ಮಾತ್ರ ಕೈಯಲ್ಲೂ ಮುಟ್ಟುವುದಿಲ್ಲ. ಯಾಕೆಂದರೆ ಓಡುವಾಗ ಮರ್ಟಲ್ ಕೊಂಬೆಗೆ ಅವಳ ಬಟ್ಟೆ ಸಿಕ್ಕಿಕೊಂಡಿತ್ತು. ಆ ಗಿಡದ ಮೇಲೆ ಅವಳಿಗೆ ಅವತ್ತಿನಿಂದ ಸಿಟ್ಟು.

ಕಾಡುಮಲ್ಲಿಗೆ:

ಇದನ್ನು ನಾನು ಓದಿಯೂ ಹಾರಿಸಿಬಿಟ್ಟಿದ್ದೆ! ಒಂಬತ್ತು ತಿಂಗಳು ಅಟ್ಟಿಸಿದ ಮಿನೋಸ್ ಮೇಲೆ ಏನೂ ಇಲ್ಲ, ಸೆರಗು ಹಿಡಿದ ಗಿಡದ ಮೇಲೆ ಸಿಟ್ಟು. ಎಷ್ಟು ಮನುಷ್ಯರ ಥರ ಇದ್ದಾಳೆ.

ನಿವೃತ್ತ ಮೇಷ್ಟ್ರು:

ಮರ್ಟಲ್ ಅಫ್ರೊಡೈಟಿಯ ಗಿಡ, ಪ್ರೇಮದ ದೇವತೆಯದು. ಮದುವೆ ಒಲ್ಲದ ಕನ್ಯೆಯ ಹಬ್ಬದಲ್ಲಿ ಅದಕ್ಕೆ ಜಾಗ ಇರಲಿಲ್ಲ ಎಂದು ಕಾಣುತ್ತದೆ. ನಿಷೇಧ ಮೊದಲು, ಬಟ್ಟೆ ಸಿಕ್ಕಿಕೊಂಡ ಕಥೆ ಆಮೇಲೆ. ಮತ್ತೆ ಸ್ಥಳಪುರಾಣ.

ತೋಟದಾಕೆ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಗಿಡದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಮರ್ಟಲ್ ಗಿಡ ನಮ್ಮಲ್ಲಿ ಅಷ್ಟಾಗಿ ಕಾಣಸಿಗುವುದಿಲ್ಲ, ಆದರೆ ಅದರ ನೆಂಟರು ನಮ್ಮ ಹಿತ್ತಲಿನಲ್ಲೇ ಇದ್ದಾರೆ. ಸೀಬೆ, ನೇರಳೆ, ಪನ್ನೇರಳೆ ಎಲ್ಲ ಅದೇ ಕುಟುಂಬ. ಎಲೆ ಹಿಂಡಿದರೆ ಘಮ ಬರುತ್ತದೆ. ಅವಳು ಹಾಕಿಕೊಳ್ಳುತ್ತಿದ್ದ ಮ್ಯಾಸ್ಟಿಕ್ ಇದೆಯಲ್ಲ, ಅದು ಮಾವು, ಗೇರಿನ ಕಡೆಯ ನೆಂಟ.

ಕಡಲಮಗ:

ಅಂದ್ರೆ ಅವಳ ಹಬ್ಬದ ದಿನ ಗೇರುಬೀಜ ತಿನ್ನಬಹುದು, ಸೀಬೆ ತಿನ್ನಬಾರದು. ಮೀನಿಗೆ ಏನಾದರೂ ನಿಷೇಧ ಇದೆಯಾ? ಅದೊಂದು ಹೇಳಿಬಿಡಿ ಅಕ್ಕ.